ಹಾಳೂರಿನ ಮಣ್ಣಿನಲ್ಲಿ ಲೋಹಶೋಧಕ: ಮೊಳೆ ನುಡಿಯುವ ಸಾಕ್ಷ್ಯ

ಸಭಿಕರಿಗೆಲ್ಲ ನಮಸ್ಕಾರ.

ಜನ ಬಿಟ್ಟುಹೋದ ಹಳೆಯ ನೆಲೆಯೊಂದರಲ್ಲಿ ಲೋಹಶೋಧಕ ಹಿಡಿದು ಹುಡುಕುತ್ತಾರೆಂದರೆ ಬಹುಮಂದಿಗೆ ಮೊದಲು ನೆನಪಾಗುವುದು ಹೊನ್ನು ತುಂಬಿದ ಕೊಪ್ಪರಿಗೆ. ಹೊನ್ನು ಸಿಗುವುದೂ ಉಂಟು. ಅದರ ಮಾತು ಮುಂದೆ ಬರುತ್ತದೆ. ಆದರೆ ಊರು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿತ್ತು, ಮನೆಗಳು ಯಾವ ಬದಿಗಿದ್ದವು, ಕುಲುಮೆ ಎಲ್ಲಿತ್ತು, ಜನ ನಿಧಾನವಾಗಿ ತೊರೆದು ಹೋದರೋ ಬೆಂಕಿಗೆ ಸಿಕ್ಕಿ ಓಡಿದರೋ ಎಂಬ ಪ್ರಶ್ನೆಗಳಿಗೆ ಉತ್ತರ ಹೆಚ್ಚಾಗಿ ಸಿಗುವುದು ಯಾರೂ ಬಗ್ಗಿ ಎತ್ತಿಕೊಳ್ಳಲು ಒಪ್ಪದ ವಸ್ತುಗಳಿಂದ: ತುಕ್ಕು ಹಿಡಿದ ಮೊಳೆ, ಕಬ್ಬಿಣ ಕಾಯಿಸುವಾಗ ಉಳಿಯುವ ಕಸವಾದ ಕಿಟ್ಟ, ಎರಕ ಹೊಯ್ಯುವಾಗ ಚೆಲ್ಲಿದ ಕಂಚಿನ ಹನಿ, ಸೀಸದ ತುಣುಕು. ಇಂಥವನ್ನು ಹುಡುಕಿ, ಎಣಿಸಿ, ಸಿಕ್ಕ ಜಾಗವನ್ನು ಗುರುತಿಸಿಡುವುದೇ ಲೋಹಶೋಧಕದ ನಿಜವಾದ ಚಾರಿತ್ರಿಕ ಉಪಯೋಗ ಎಂಬುದು ನನ್ನ ಖಚಿತ ಅಭಿಪ್ರಾಯ. ಇಂದಿನ ಉಪನ್ಯಾಸವನ್ನು ಅದಕ್ಕೇ ಮೀಸಲಿಡುತ್ತೇನೆ.

ಉಪಕರಣದ ಕೆಲಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಕೋಲಿನ ತುದಿಯಲ್ಲಿರುವ ತಂತಿಯ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಅದರ ಸುತ್ತ ಏರಿಳಿಯುವ ಕಾಂತಕ್ಷೇತ್ರ ಉಂಟಾಗುತ್ತದೆ. ಆ ಕ್ಷೇತ್ರ ನೆಲದೊಳಗಿನ ಲೋಹವನ್ನು ತಾಗಿದೊಡನೆ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ. ಅದು ಉಂಟುಮಾಡುವ ಪುಟ್ಟ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸಿ ಕಿವಿಗೆ ಸದ್ದಾಗಿ ಮುಟ್ಟಿಸುತ್ತದೆ. ಮರಳಿ ಬರುವ ಸಂಕೇತ ಮೂಲ ಸಂಕೇತಕ್ಕಿಂತ ಎಷ್ಟು ಹಿಂದೆ ಬೀಳುತ್ತದೆ ಎಂಬುದು ಆ ವಸ್ತುವಿನ ವಾಹಕತೆ, ಗಾತ್ರ, ಆಕಾರಗಳನ್ನು ಅವಲಂಬಿಸಿದೆ. ಆದ್ದರಿಂದಲೇ ಬೆಳ್ಳಿಯ ನಾಣ್ಯಕ್ಕೂ ಕಬ್ಬಿಣದ ಮೊಳೆಗೂ ಬೇರೆ ಬೇರೆ ಸದ್ದು ಕೇಳುತ್ತದೆ. ಸಾಮಾನ್ಯ ಯಂತ್ರವೊಂದು ನಾಣ್ಯದಷ್ಟು ಗಾತ್ರದ ವಸ್ತುವನ್ನು 15ರಿಂದ 25 ಸೆಂಟಿಮೀಟರ್ ಆಳದವರೆಗೆ ಗುರುತಿಸಬಲ್ಲದು. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಆಳ ಇನ್ನೂ ಕಡಿಮೆಯಾಗುತ್ತದೆ. ನೇಗಿಲು ತಿರುವಿಹಾಕುವ ಮಣ್ಣಿನ ಆಳವೂ ಹೆಚ್ಚುಕಡಿಮೆ ಇಷ್ಟೇ.

ಈ ಯಂತ್ರಗಳಲ್ಲಿ ವಿಂಗಡಣೆ ಎಂಬ ಅನುಕೂಲವಿದೆ. ಗುಂಡಿಯೊಂದನ್ನು ತಿರುಗಿಸಿದರೆ ಕಬ್ಬಿಣದ ಸದ್ದು ಅಡಗುತ್ತದೆ, ಉಳಿದ ಲೋಹಗಳ ಸದ್ದು ಮಾತ್ರ ಕೇಳುತ್ತದೆ. ನಾಣ್ಯ ಹುಡುಕುವ ಹವ್ಯಾಸಿಗೆ ಇದು ವರ. ಹಳೆಯ ನೆಲೆಯ ಚರಿತ್ರೆಗೆ ಮಾತ್ರ ಇದರಿಂದ ದೊಡ್ಡ ನಷ್ಟ, ಏಕೆಂದರೆ ಊರನ್ನು ಕಟ್ಟಿದ್ದೇ ಕಬ್ಬಿಣ. ಬಾಗಿಲು, ತೊಲೆ, ಗಾಡಿ, ನೇಗಿಲು, ಕುದುರೆಯ ಲಾಳ ಎಲ್ಲವೂ ಕಬ್ಬಿಣವನ್ನು ನಂಬಿದ್ದವು. ಕಬ್ಬಿಣಕ್ಕೆ ಕಿವಿ ಮುಚ್ಚಿಕೊಂಡು ನಡೆದವನಿಗೆ ಊರಿನ ಅರ್ಧ ಭಾಗ ಕೇಳಿಸುವುದೇ ಇಲ್ಲ. ಅವನು ಬಯಸುವ ನಾಣ್ಯವೇ ಮೊಳೆಯೊಂದರ ಪಕ್ಕದಲ್ಲಿ ಬಿದ್ದಿದ್ದರೆ, ಮೊಳೆಯ ಸಂಕೇತದ ಮರೆಯಲ್ಲಿ ಅದೂ ತಪ್ಪಿಹೋಗಬಹುದು.

ಉತ್ತ ಮಣ್ಣಿನಲ್ಲಿ ಸಿಕ್ಕ ವಸ್ತು ಹೇಗೂ ಸ್ಥಳ ಬಿಟ್ಟು ಕದಲಿರುತ್ತದೆ, ಅದಕ್ಕೆ ಸಾಕ್ಷ್ಯದ ಬೆಲೆಯಿಲ್ಲ ಎಂದು ಬಹಳ ಕಾಲ ನಂಬಲಾಗಿತ್ತು. ಇದು ಅರ್ಧ ಸತ್ಯ. ನೇಗಿಲು ಮಣ್ಣಿನ ಪದರಗಳನ್ನು ಕಲಸಿಬಿಡುತ್ತದೆ, ಯಾವುದರ ಮೇಲೆ ಯಾವುದಿತ್ತು ಎಂಬ ಅನುಕ್ರಮ ಅಳಿಸಿಹೋಗುತ್ತದೆ, ಒಪ್ಪುತ್ತೇನೆ. ಆದರೆ ವಸ್ತು ಅಡ್ಡಡ್ಡಲಾಗಿ ಸರಿಯುವುದು ಸಾಮಾನ್ಯವಾಗಿ ಕೆಲವೇ ಮೀಟರುಗಳಷ್ಟು. ಹತ್ತಾರು ಹೆಕ್ಟೇರ್ ಹರಡಿದ್ದ ನೆಲೆಯ ಮಟ್ಟಿಗೆ ಅದು ಲೆಕ್ಕಕ್ಕೆ ಬರುವ ದೂರವಲ್ಲ. ಒಂದೊಂದೇ ವಸ್ತು ಮೂಕವಾಗಿರಬಹುದು, ಸಾವಿರ ವಸ್ತುಗಳ ಹರವು ಮಾತಾಡುತ್ತದೆ.

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ರೆಂಡಲ್‌ಶಮ್ ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ. ಅಲ್ಲಿ ಅರಸರ ನೆಲೆಯೊಂದಿತ್ತು ಎಂದು ಬೀಡ್ ಎಂಬ ಕ್ರೈಸ್ತ ಸಂನ್ಯಾಸಿ 8ನೆಯ ಶತಮಾನದಲ್ಲಿ ಬರೆದಿಟ್ಟಿದ್ದ. 1939ರಲ್ಲಿ, ಅರಸನೊಬ್ಬನನ್ನು ಹಡಗಿನೊಳಗಿಟ್ಟು ಹೂತದ್ದೆನ್ನಲಾದ ಸಮಾಧಿ ಹೊರಬಂದ ಸಟನ್ ಹೂ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ಆದರೂ ಅರಸರ ಆ ನೆಲೆ ನಿಖರವಾಗಿ ಎಲ್ಲಿತ್ತೆಂಬುದು ಇತ್ಯರ್ಥವಾಗಿರಲಿಲ್ಲ. ರಾತ್ರಿ ಹೊತ್ತು ನಿಧಿಗಳ್ಳರು ಹೊಲಗಳಿಗೆ ನುಗ್ಗಿ ಅಗೆಯುತ್ತಿದ್ದಾರೆಂದು ಜಮೀನಿನ ಮಾಲೀಕರು ದೂರಿತ್ತದ್ದೇ ಸಮೀಕ್ಷೆಗೆ ಕಾರಣವಾಯಿತು. 2008ರಿಂದ 2014ರವರೆಗೆ ನುರಿತ ಲೋಹಶೋಧಕರ ಸಣ್ಣ ತಂಡವೊಂದು ಪುರಾತತ್ವಜ್ಞರ ಜೊತೆಗೂಡಿ ಸುಮಾರು 150 ಹೆಕ್ಟೇರ್ ನೆಲವನ್ನು ಕ್ರಮವಾಗಿ ಶೋಧಿಸಿ, ಸಿಕ್ಕ ಪ್ರತಿಯೊಂದು ವಸ್ತುವಿನ ಸ್ಥಾನವನ್ನೂ ದಾಖಲಿಸಿತು. ಸಾವಿರಾರು ವಸ್ತುಗಳ ಆ ನಕ್ಷೆಯಲ್ಲಿ ಚಿನ್ನದ ನಾಣ್ಯಗಳೂ ಇದ್ದವು, ತೂಕದ ಗುಂಡುಗಳೂ ಇದ್ದವು. ಅಕ್ಕಸಾಲಿಗರು, ಕಂಚುಗಾರರು ಬಿಟ್ಟ ಲೋಹದ ಚೂರುಗಳು ಒಂದು ಕಡೆ ಒತ್ತಾಗಿ ಕಂಡವು. ಊರಿನ ಒಳಗಿನ ರಚನೆ ಉತ್ಖನನಕ್ಕೆ ಮುಂಚೆಯೇ ಮೂಡತೊಡಗಿತು. ಬಳಿಕ 2022ರ ಉತ್ಖನನದಲ್ಲಿ ಸುಮಾರು 23 ಮೀಟರ್ ಉದ್ದ, 10 ಮೀಟರ್ ಅಗಲದ ಮರದ ಸಭಾಗೃಹದ ಅಡಿಪಾಯ ಹೊರಬಂತು. ಎಲ್ಲಿ ಅಗೆಯಬೇಕು, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಅಗೆಯಬೇಕಾಗಿಲ್ಲ ಎಂಬುದನ್ನು ತೀರ್ಮಾನಿಸಲು ಇಂಥ ಸಮೀಕ್ಷೆಯಷ್ಟು ನೆರವಾಗುವುದು ಬೇರೊಂದಿಲ್ಲ.

ಇನ್ನು ಮೊಳೆಯ ವಿಷಯ. ಮಣ್ಣು ಕೊಡವಿ ಮೊಳೆಯನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದರೆ ಅದರ ವಯಸ್ಸು ಒಂದಿಷ್ಟು ತಿಳಿಯುತ್ತದೆ. ಕಮ್ಮಾರ ಕೈಯಲ್ಲಿ ಬಡಿದ ಮೊಳೆ ನಾಲ್ಕೂ ಬದಿಗಳಲ್ಲಿ ತುದಿಯತ್ತ ಸಣ್ಣಗಾಗುತ್ತದೆ, ತಲೆಯ ಮೇಲೆ ಸುತ್ತಿಗೆಯ ಏಟಿನ ಚಪ್ಪಟೆ ಮುಖಗಳಿರುತ್ತವೆ. 18ನೆಯ ಶತಮಾನದ ಕೊನೆಯಲ್ಲಿ ಕಬ್ಬಿಣದ ತಗಡಿನಿಂದ ಯಂತ್ರ ಕತ್ತರಿಸುವ ಮೊಳೆ ಬಂತು; ಅದರ ಎರಡು ಬದಿಗಳು ಮಾತ್ರ ಸಣ್ಣಗಾಗುತ್ತವೆ, ಉಳಿದೆರಡು ಸಮಾನಾಂತರವಾಗಿರುತ್ತವೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಉದ್ದಕ್ಕೂ ಒಂದೇ ದಪ್ಪವಿರುವ ದುಂಡನೆಯ ತಂತಿ ಮೊಳೆ ಮೇಲುಗೈ ಪಡೆಯಿತು. ಯುರೋಪು, ಅಮೆರಿಕಗಳ ನೆಲೆಗಳಲ್ಲಿ ಈ ಅನುಕ್ರಮ ಕಾಲನಿರ್ಣಯಕ್ಕೆ ಒಳ್ಳೆಯ ಆಧಾರ. ಬೇರೆ ಕಡೆಗಳಲ್ಲಿ ಕೈಮೊಳೆ ತೀರ ಇತ್ತೀಚಿನವರೆಗೂ ಬಳಕೆಯಲ್ಲಿತ್ತಾದ್ದರಿಂದ ಅದನ್ನೇ ನೆಚ್ಚಿ ಕಾಲ ಹೇಳಲಾಗದು.

ವಯಸ್ಸಿಗಿಂತ ಮೊಳೆಯ ಭಂಗಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನೆಟ್ಟಗೆ ಉಳಿದ ಮೊಳೆಗಳು ಒಂದೆಡೆ ರಾಶಿಯಾಗಿ ಸಿಕ್ಕರೆ, ಮರದ ಕಟ್ಟಡ ನಿಂತಲ್ಲೇ ಕೊಳೆತು ಅಥವಾ ಉರಿದು ಬಿದ್ದಿರುವ ಸಂಭವ ಹೆಚ್ಚು. ನಡುವೆ ಬಾಗಿದ ಮೊಳೆ, ಯಾರೋ ಅದನ್ನು ಕಿತ್ತು ಹಲಗೆಗಳನ್ನು ಸಾಗಿಸಿರಬೇಕೆಂದು ಸೂಚಿಸುತ್ತದೆ. ಹಲಗೆಯಿಂದ ಆಚೆ ಬಂದ ತುದಿಯನ್ನು ಮಡಿಸಿ ಬಡಿದಿದ್ದರೆ, ಅದು ಬಾಗಿಲಿನದೋ ಕಿಟಕಿಯದೋ ಆಗಿರಬಹುದು. ತೆರೆದು ಮುಚ್ಚುವ ಹಲಗೆ ಸಡಿಲವಾಗಬಾರದೆಂದು ಹಾಗೆ ಬಡಿಯುತ್ತಿದ್ದರು. ಬೆಂಕಿಯಲ್ಲಿ ಕಾದ ಮೊಳೆಯ ಮೈಮೇಲೆ ಗಟ್ಟಿ ಪೊರೆ ಕಟ್ಟಿಕೊಳ್ಳುವುದರಿಂದ ಅದು ಅಕ್ಕಪಕ್ಕದ ಮೊಳೆಗಳಿಗಿಂತ ಕಡಿಮೆ ತುಕ್ಕು ಹಿಡಿದು ಉಳಿಯುತ್ತದೆ. ಹೀಗೆ ನೂರಿನ್ನೂರು ಮೊಳೆಗಳನ್ನು ಭಂಗಿಗನುಸಾರ ನಕ್ಷೆಯ ಮೇಲೆ ಬೇರೆ ಬೇರೆ ಗುರುತಿನಿಂದ ತೋರಿಸಿದರೆ, ಯಾವ ಮನೆಯನ್ನು ಬಿಚ್ಚಿ ಒಯ್ದರು, ಯಾವುದು ಸುಟ್ಟುಹೋಯಿತು ಎಂಬ ಊಹೆಗೆ ಆಧಾರ ದೊರೆಯುತ್ತದೆ. ಮೊಳೆಯನ್ನು ತಿಪ್ಪೆಯ ಕಸವೆಂದು ಕಾಣುವವರು ಸ್ಕಾಟ್ಲೆಂಡಿನ ಇಂಚ್‌ಟುಟಿಲ್ ಕೋಟೆಯನ್ನು ನೆನೆಯಬೇಕು. ಕ್ರಿ.ಶ. 1ನೆಯ ಶತಮಾನದ ಕೊನೆಯಲ್ಲಿ ಅದನ್ನು ತೊರೆದು ಹೊರಟ ರೋಮನ್ ಸೈನಿಕರು, ಶತ್ರುವಿಗೆ ಕಬ್ಬಿಣ ದಕ್ಕಬಾರದೆಂದೇ ಇರಬೇಕು, ಎಂಟೂವರೆ ಲಕ್ಷಕ್ಕೂ ಹೆಚ್ಚು ಮೊಳೆಗಳನ್ನು ಗುಂಡಿಯಲ್ಲಿ ಹೂತುಹೋದರು.

ಸಮೀಕ್ಷೆಯ ಕ್ರಮವನ್ನು ಕಲಿಯಲು ಒಂದು ರಣರಂಗದತ್ತ ನೋಡಬೇಕು. ಅಮೆರಿಕದ ಮೊಂಟಾನಾದಲ್ಲಿರುವ ಲಿಟಲ್ ಬಿಗ್‌ಹಾರ್ನ್, 1876ರ ಜೂನ್‌ನಲ್ಲಿ ಅಮೆರಿಕದ ಸೇನೆಗೂ ಅಲ್ಲಿನ ಮೂಲನಿವಾಸಿಗಳಿಗೂ ಯುದ್ಧ ನಡೆದ ಸ್ಥಳ. 1983ರ ಕಾಡ್ಗಿಚ್ಚಿನಲ್ಲಿ ಹುಲ್ಲು ಸುಟ್ಟು ನೆಲ ತೆರೆದುಕೊಂಡ ಮೇಲೆ, 1984ರಲ್ಲಿ ಲೋಹಶೋಧಕ ಬಲ್ಲ ಸ್ವಯಂಸೇವಕರು ಸಾಲಾಗಿ ನಡೆದರು. ಸದ್ದು ಬಂದಲ್ಲಿ ಅವರು ಬಾವುಟ ನೆಟ್ಟು ಮುಂದೆ ಹೋಗುತ್ತಿದ್ದರು, ಹಿಂದೆ ಬಂದ ಎರಡನೆಯ ತಂಡ ವಸ್ತುವನ್ನು ಕದಲಿಸದೆ ಮಣ್ಣು ಬಿಡಿಸುತ್ತಿತ್ತು, ಮೂರನೆಯ ತಂಡ ಸ್ಥಾನ ಅಳೆದು ಬರೆದುಕೊಂಡ ಮೇಲಷ್ಟೇ ಅದನ್ನು ಎತ್ತುತ್ತಿತ್ತು. ಖಾಲಿ ತೋಟಾಗಳ ತಳದಲ್ಲಿ ಬಂದೂಕಿನ ಸೂಜಿ ಬಿಟ್ಟ ಗುರುತುಗಳನ್ನು ಹೋಲಿಸಿ, ಒಂದೇ ಬಂದೂಕು ರಣರಂಗದಲ್ಲಿ ಎಲ್ಲಿಂದೆಲ್ಲಿಗೆ ಚಲಿಸಿತು ಎಂಬುದನ್ನೂ ಪತ್ತೆ ಹಚ್ಚಿದರು. ಹುಡುಕುವವನೇ ಅಗೆಯುವ ಆತುರಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಊರುಗಳ ಸಮೀಕ್ಷೆಗೂ ಇದೇ ಶಿಸ್ತು ಬೇಕು. ಸಾಲುಗಳ ನಡುವಿನ ಅಂತರ, ಯಂತ್ರದ ಹೊಂದಾಣಿಕೆ, ಬೆಳೆಯ ಸ್ಥಿತಿ ಇವನ್ನು ಬರೆದಿಡದಿದ್ದರೆ ಏನೂ ಸಿಗದ ಜಾಗ ನಿಜಕ್ಕೂ ಬರಿದೋ, ಸರಿಯಾಗಿ ಹುಡುಕಿಲ್ಲವೋ ಎಂದು ಹೇಳಲಾಗುವುದಿಲ್ಲ.

ಹರವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಹಿಂದೆ ಊರಿನ ಕಸ, ಬೂದಿ, ಸಗಣಿಯನ್ನೆಲ್ಲ ಗೊಬ್ಬರವಾಗಿ ಹೊಲಕ್ಕೆ ಹೊಡೆಯುತ್ತಿದ್ದರು. ಅದರೊಡನೆ ಅಂಗಿಯ ಗುಂಡಿ, ಉಂಗುರ, ಕಾಸು, ಮಡಕೆ ಚೂರುಗಳೂ ಹೋಗಿ ಬೀಳುತ್ತಿದ್ದವು. ಹೊಲದ ತುಂಬ ತೆಳುವಾಗಿ ಚದುರಿದ ವಸ್ತುಗಳನ್ನು ಕಂಡು ಅಲ್ಲಿ ಮನೆಗಳಿದ್ದವೆಂದು ನಂಬಿದರೆ ದಾರಿ ತಪ್ಪುತ್ತದೆ. ಒತ್ತಾದ ಗುಂಪು, ಅದರೊಡನೆ ಮೊಳೆ, ಕಿಟ್ಟ, ದೊಡ್ಡ ಮಡಕೆ ಚೂರು, ಸುಟ್ಟ ಮಣ್ಣು ಕೂಡಿ ಬಂದರೆ ಮಾತ್ರ ನೆಲೆಯ ಮಾತಾಡಬಹುದು.

ಹೊನ್ನಿನ ಮಾತಿಗೆ ಬರುತ್ತೇನೆ. 1992ರ ನವೆಂಬರ್ 16ರಂದು ಸಫೋಕ್‌ನ ಹಾಕ್ಸನ್ ಎಂಬಲ್ಲಿ ಎರಿಕ್ ಲಾಸ್ ಎಂಬವರು ಗೆಳೆಯರೊಬ್ಬರ ಕಳೆದುಹೋದ ಸುತ್ತಿಗೆಯನ್ನು ಲೋಹಶೋಧಕದಿಂದ ಹುಡುಕುತ್ತಿದ್ದಾಗ ರೋಮನ್ ಕಾಲದ ನಿಧಿ ಸಿಕ್ಕಿತು. ಅವರು ಅಗೆಯುವುದನ್ನು ಅರ್ಧಕ್ಕೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ಪುರಾತತ್ವಜ್ಞರು ಬಂದು ಉಳಿದುದನ್ನು ಬಿಡಿಸಿದ್ದರಿಂದ, ಸುಮಾರು 15,000 ನಾಣ್ಯಗಳ ಜೊತೆಗೆ, ಕೊಳೆತುಹೋದ ಮರದ ಪೆಟ್ಟಿಗೆಯ ಆಕಾರ, ಒಳಗಿದ್ದ ಚಿಕ್ಕ ಪೆಟ್ಟಿಗೆಗಳ ಬೀಗಗಳು, ಯಾವ ಒಡವೆ ಯಾವುದರ ಪಕ್ಕದಲ್ಲಿತ್ತು ಎಂಬುದೆಲ್ಲ ತಿಳಿಯಿತು. 1999ರಲ್ಲಿ ಜರ್ಮನಿಯ ನೆಬ್ರಾ ಬಳಿ ನಡೆದದ್ದು ಇದಕ್ಕೆ ತೀರ ವಿರುದ್ಧ. ಸೂರ್ಯ, ಚಂದ್ರ, ನಕ್ಷತ್ರಗಳ ಚಿನ್ನದ ಕೆತ್ತನೆಯುಳ್ಳ ಕಂಚಿನ ಬಿಲ್ಲೆಯನ್ನು ನಿಧಿಗಳ್ಳರು ಅವಸರದಲ್ಲಿ ಕಿತ್ತು, ಅಂಚಿಗೆ ಏಟು ಹಾಕಿ, ಮಾರಿಬಿಟ್ಟರು. 2002ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪೊಲೀಸರ ಕಾರ್ಯಾಚರಣೆಯಿಂದ ಅದು ಮರಳಿ ಸಿಕ್ಕಿತು. ಅದರ ಜೊತೆಗಿದ್ದವೆನ್ನಲಾದ ಕತ್ತಿಗಳ ಆಧಾರದಿಂದ ಕ್ರಿ.ಪೂ. 1600ರ ಸುಮಾರಿಗೆ ಹೂಳಲಾಯಿತೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆದರೂ ಅವೆಲ್ಲ ಒಂದೇ ಗುಂಡಿಯಲ್ಲಿದ್ದವೇ ಎಂಬ ಪ್ರಶ್ನೆಯನ್ನೆತ್ತಿ 2020ರಲ್ಲಿ ಇಬ್ಬರು ವಿದ್ವಾಂಸರು ಅದನ್ನು ಸುಮಾರು ಸಾವಿರ ವರ್ಷ ಈಚೆಗೆ ತರಬೇಕೆಂದು ವಾದಿಸಿದರು. ಕ್ರಮವಾಗಿ ಬಿಡಿಸಿದ್ದರೆ ಇಂಥ ವಿವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. ಆ ಕಳ್ಳರು ಕದ್ದದ್ದರಲ್ಲಿ ಬಿಲ್ಲೆ ಮರಳಿ ಬಂತು, ನೆಲದ ಸಾಕ್ಷ್ಯ ಮಾತ್ರ ಮರಳಲಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಜಮೀನಿನ ಮಾಲೀಕರ ಒಪ್ಪಿಗೆ ಪಡೆದು ಹುಡುಕಬಹುದು, ನಿಧಿಯೆನಿಸುವಂಥದು ಸಿಕ್ಕರೆ 1996ರ ಕಾಯಿದೆಯಂತೆ 14 ದಿನಗಳೊಳಗೆ ವರದಿ ಮಾಡಬೇಕು. ಉಳಿದವನ್ನು ಸ್ವಇಚ್ಛೆಯಿಂದ ದಾಖಲಿಸಲು 1997ರಲ್ಲಿ ಆರಂಭವಾದ ವ್ಯವಸ್ಥೆಯಿದೆ. ಐರ್ಲೆಂಡಿನಲ್ಲಿ ಪುರಾತನ ವಸ್ತುಗಳಿಗಾಗಿ ಲೋಹಶೋಧಕ ಬಳಸಲು ಸರ್ಕಾರದ ಸಮ್ಮತಿಯೇ ಬೇಕು. ಭಾರತದಲ್ಲಿ 1878ರ ನಿಧಿ ಕಾಯಿದೆ ಇಂದಿಗೂ ಜಾರಿಯಲ್ಲಿದೆ, ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಯಾವ ದೇಶದಲ್ಲೇ ಆಗಲಿ, ಸಂರಕ್ಷಿತ ನೆಲೆಗೆ ಹವ್ಯಾಸಿಯೊಬ್ಬ ಒಂಟಿಯಾಗಿ ಯಂತ್ರ ಹಿಡಿದು ಹೋಗುವುದು ಸಲ್ಲದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕೊನೆಯದಾಗಿ ಸಂರಕ್ಷಣೆಯ ವಿಚಾರ. ಶತಮಾನಗಳಿಂದ ಮಣ್ಣಿನೊಡನೆ ಹೊಂದಿಕೊಂಡಿದ್ದ ಕಬ್ಬಿಣ ಗಾಳಿಗೆ ಬಂದೊಡನೆ ಮತ್ತೆ ವೇಗವಾಗಿ ತುಕ್ಕು ಹಿಡಿಯತೊಡಗುತ್ತದೆ, ಕೆಲವೊಮ್ಮೆ ವರ್ಷದೊಳಗೇ ಪದರ ಪದರವಾಗಿ ಬಿರಿಯುತ್ತದೆ. ಕಂಚಿನ ಮೈಯಲ್ಲಿ ಕ್ಲೋರೈಡ್ ಲವಣ ಉಳಿದು ತೇವ ತಾಗಿದರೆ ತಿಳಿಹಸಿರು ಪುಡಿ ಉದುರತೊಡಗುತ್ತದೆ. ಮನೆಯಲ್ಲಿ ವಿನೆಗರ್ ಹಾಕಿ, ತಂತಿಯ ಬ್ರಷ್‌ನಿಂದ ಉಜ್ಜಿ ಹೊಳಪು ತರುವವರು ಹಾಳುಮಾಡಿದ ವಸ್ತುಗಳಿಗೆ ಲೆಕ್ಕವಿಲ್ಲ. ಆಕಾರವಿಲ್ಲದ ತುಕ್ಕಿನ ಉಂಡೆಯನ್ನು ಮೊದಲು ಎಕ್ಸ್-ರೇಗೆ ಒಡ್ಡಬೇಕು. ಒಳಗೆ ಬೀಗದ ಯಂತ್ರವೋ, ಬೆಳ್ಳಿಯ ಕುಸುರಿಯುಳ್ಳ ಕೊಂಡಿಯೋ ಇರುವುದು ಅಲ್ಲೇ ಕಾಣುತ್ತದೆ, ಹೊರಗಿನಿಂದ ಎಂದೂ ಕಾಣುವುದಿಲ್ಲ. ಆದ್ದರಿಂದ ಸಮೀಕ್ಷೆಯ ಖರ್ಚನ್ನು ಅಂದಾಜಿಸುವಾಗಲೇ ಎಕ್ಸ್-ರೇಯನ್ನೂ ತೇವವಿಲ್ಲದ ಸಂಗ್ರಹದ ವ್ಯವಸ್ಥೆಯನ್ನೂ ಸೇರಿಸಿಕೊಳ್ಳಬೇಕು. ಅದಕ್ಕೆ ಹಣ ಒದಗದಿದ್ದರೆ, ಕಬ್ಬಿಣವನ್ನು ಎತ್ತದೆ ನೆಲದಲ್ಲೇ ಬಿಟ್ಟು, ಅದರ ಸದ್ದು ಬಂದ ಜಾಗವನ್ನು ಮಾತ್ರ ನಕ್ಷೆಯಲ್ಲಿ ಗುರುತಿಸುವುದು ಮೇಲು.