‘ನಮ್ಮ ಮನೇಲಿ ಯಾರಿಗೂ ಇಲ್ಲ ಮೇಡಂ’: ಮಗಳ ಮೊಣಕಾಲು, ಅಪ್ಪನ ಮೊಣಕೈ

[ಪರದೆ: ಬಿಳಿ ಹಾಳೆ, ಅದರ ಕೆಳತುದಿಯಲ್ಲಿ ಪೆನ್ನಿನಿಂದ ಬರೆದ ಒಂದು ಸಣ್ಣ ದುಂಡು]

ನಮಸ್ಕಾರ. ಒಂದು ಉದಾಹರಣೆ ತಗೊಳ್ಳೋಣ. ಈ ದುಂಡು ಅಂದ್ರೆ ಏಳು ವರ್ಷದ ಹುಡುಗಿ. ಎರಡು ತಿಂಗಳಿಂದ ಎಡ ಮೊಣಕಾಲು ಊದಿದೆ. ಬೆಳಗ್ಗೆ ಎದ್ದಾಗ ಕುಂಟ್ತಾಳೆ, ಹತ್ತು ಗಂಟೆ ಹೊತ್ತಿಗೆ ಓಡಾಡ್ಕೊಂಡಿರ್ತಾಳೆ. ಹಾಗಾಗಿ ಮನೆಯವರು ‘ಸ್ಕೂಲಿಗೆ ಚಕ್ಕರ್ ಹಾಕೋ ನಾಟಕ’ ಅಂತ ಒಂದು ತಿಂಗಳು ತಳ್ಳಿಬಿಟ್ರು.

16 ವರ್ಷ ತುಂಬೋದ್ರೊಳಗೆ ಶುರುವಾಗಿ, 6 ವಾರಕ್ಕಿಂತ ಹೆಚ್ಚು ಉಳಿದು, ಬೇರೆ ಕಾರಣ ಸಿಗದ ಕೀಲುಬಾವಿಗೆ ಜೆಐಎ ಅಂತಾರೆ. ಮಕ್ಕಳ ಸಂಧಿವಾತ. ಹೌದು, ಮಕ್ಕಳಿಗೂ ಬರುತ್ತೆ.

ಡಾಕ್ಟರ್ ಕೇಳ್ತಾರೆ: “ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಆಟೋಇಮ್ಯೂನ್ ಕಾಯಿಲೆ ಇದೆಯಾ?”

“ಇಲ್ಲ ಮೇಡಂ. ಯಾರಿಗೂ ಇಲ್ಲ.”

ಅಮ್ಮ ಸುಳ್ಳು ಹೇಳ್ತಿಲ್ಲ. ಕೇಳಿದ ರೀತಿಯೇ ಸರಿ ಇಲ್ಲ. ಆಟೋಇಮ್ಯೂನ್ ಅನ್ನೋ ಹೆಸರಲ್ಲಿ ಯಾರ ಮನೇಲೂ ಕಾಯಿಲೆ ಇರಲ್ಲ.

[ಪರದೆ: ಹಾಳೆಯಲ್ಲಿ ಮನೆತನದ ವಂಶವೃಕ್ಷ; ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ ಮೂಡುತ್ತಾ ಹೋಗುತ್ತವೆ]

ಬೇಲಿಯೇ ಎದ್ದು ಹೊಲ ಮೇಯ್ತು ಅಂತೀವಲ್ಲ, ಅದೇ ಇದು. ಕಾಯಬೇಕಾದ ರೋಗನಿರೋಧಕ ಶಕ್ತಿ ನಮ್ಮ ಮೈಯನ್ನೇ ಮೇಯುತ್ತೆ. ಎಲ್ಲಿ ಮೇಯುತ್ತೆ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅಜ್ಜಿಯಲ್ಲಿ ಥೈರಾಯ್ಡ್, ಅತ್ತೆಯಲ್ಲಿ ಚರ್ಮದ ಬಣ್ಣ, ಮೊಮ್ಮಗಳಲ್ಲಿ ಮೊಣಕಾಲು. ವಂಶದಲ್ಲಿ ಇಳಿದು ಬರೋದು ಕಾಯಿಲೆ ಅಲ್ಲ, ಅದರ ಕಡೆಗಿನ ಒಲವು. ಎಚ್‌ಎಲ್‌ಎ ಅನ್ನೋ ಜೀನ್‌ಗಳ ಗುಂಪು ಇದರಲ್ಲಿ ದೊಡ್ಡ ಪಾಲುದಾರ.

ಹಾಗಾಗಿ ಕೇಳೋದೇ ಆದ್ರೆ ಹೀಗೆ ಕೇಳಬೇಕು. ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ಯಾರು ನುಂಗ್ತಾರೆ? ಚಿಕ್ಕ ವಯಸ್ಸಿಂದಲೇ ಇನ್ಸುಲಿನ್ ಚುಚ್ಚಿಕೊಳ್ಳೋರು ಇದ್ದಾರಾ? ಬೆಳಗ್ಗೆ ಎದ್ದಾಗ ಬೆನ್ನು ಮರಗಟ್ಟಿ, ಓಡಾಡಿದ ಮೇಲೆ ಸಡಿಲ ಆಗೋರು? ಕಣ್ಣು ಪದೇಪದೇ ಕೆಂಪಾಗಿ ನೋಯೋರು? ತಾತನಿಗೆ ಅರವತ್ತಕ್ಕೆ ಬಂದ ಶುಗರ್ ಈ ಲೆಕ್ಕಕ್ಕೆ ಬರಲ್ಲ. ಅಜ್ಜಿಯ ಸವೆದ ಮಂಡಿಯೂ ಬರಲ್ಲ.

ಇನ್ನೊಂದು ಪ್ರಶ್ನೆ ಇದೆ: ತೊನ್ನು. ಆ ಪದ ಬಂದ ತಕ್ಷಣ ಪಕ್ಕದಲ್ಲಿ ಕೂತ ಅಜ್ಜಿ ಮಗಳ ಸೆರಗು ಜಗ್ಗುತ್ತಾರೆ. ಮನೇಲಿ ಚಿಕ್ಕ ಮಗಳಿಗೆ ಇನ್ನೂ ಗಂಡು ನೋಡ್ತಿದ್ದಾರೆ. ತೊನ್ನು ಅಂಟುವ ಕಾಯಿಲೆ ಅಲ್ಲ, ಅದೂ ಇದೇ ಬೇಲಿಯ ಕೆಲಸ. ಆದ್ರೆ ಸಂಬಂಧ ಕುದುರೋವರೆಗೆ ಮನೆತನದ ಚರಿತ್ರೆ ಬಾಯಿ ಬಿಡಲ್ಲ.

[ಪರದೆ: ಪೂರ್ಣ ತೋಳಿನ ಅಂಗಿಯ ಗುಂಡಿ ಬಿಚ್ಚುತ್ತಿರುವ ಕೈ]

ಈಗ ಅಪ್ಪನ ಸರದಿ. “ಸ್ವಲ್ಪ ತೋಳು ಮಡಚಿ” ಅಂದ್ರು ಡಾಕ್ಟರ್. ಮೊಣಕೈ ಮೇಲೆ ಕೆಂಪು ಪಟ್ಟೆ, ಅದರ ಮೇಲೆ ಬೆಳ್ಳಿಯ ಹೊಟ್ಟು. “ಅದು ಹುಳುಕಡ್ಡಿ ಮೇಡಂ, ಮೆಡಿಕಲ್ ಶಾಪಿಂದ ಟ್ಯೂಬ್ ತಂದು ಹಚ್ತೀನಿ.” ಹುಳುಕಡ್ಡಿ ಅಲ್ಲ. ಸೋರಿಯಾಸಿಸ್. ಅದೇ ಬೇಲಿ ಇಲ್ಲಿ ಚರ್ಮ ಮೇಯ್ತಿದೆ.

ಡಾಕ್ಟರ್ ಮತ್ತೆ ಮಗಳ ಕೈ ಹಿಡಿದು ಉಗುರು ನೋಡ್ತಾರೆ. ಎರಡು ಬೆರಳಲ್ಲಿ ಗುಂಡುಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕುಳಿ. ಅವಳ ಚರ್ಮದಲ್ಲಿ ಒಂದು ಚುಕ್ಕೆಯೂ ಇಲ್ಲ. ಆದ್ರೂ ಕೀಲುಬಾವು, ಉಗುರಿನ ಕುಳಿ, ಅಪ್ಪನ ಸೋರಿಯಾಸಿಸ್ ಮೂರೂ ಸೇರಿದ್ರೆ, ಐಎಲ್‌ಎಆರ್ (ಸಂಧಿವಾತ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ವರ್ಗೀಕರಣದ ಪ್ರಕಾರ ಅದು ಸೋರಿಯಾಟಿಕ್ ಬಗೆಯ ಸಂಧಿವಾತದ ಕಡೆಗೆ ವಾಲುತ್ತೆ. ಅಪ್ಪನ ಮೊಣಕೈ ನೋಡಿ ಮಗಳ ಕಾಯಿಲೆಗೆ ಹೆಸರಿಡೋದು ವಿಚಿತ್ರ ಅನ್ನಿಸಬಹುದು. ತಜ್ಞರಲ್ಲೂ ಈ ಬಗ್ಗೆ ತಕರಾರಿದೆ. ಅಪ್ಪ, ಅಮ್ಮ, ಒಡಹುಟ್ಟಿದವರು ಇಷ್ಟೇ ಇಲ್ಲಿ ಲೆಕ್ಕಕ್ಕೆ. ದೊಡ್ಡಮ್ಮನ ಸೋರಿಯಾಸಿಸ್ ಕೇಳಿಸಿಕೊಳ್ತಾರೆ, ಅದರಿಂದ ಹೆಸರು ಬದಲಾಗಲ್ಲ.

ಕೊನೆಗೆ ಅಮ್ಮ ಬಾಯಿ ಬಿಡೋದು ಒಂದೇ ಪ್ರಶ್ನೆಗೆ: “ಚಿಕ್ಕ ಮಗನಿಗೂ ಬರುತ್ತಾ?”

ಅಮೆರಿಕದ ಯೂಟಾದಲ್ಲಿ ಮಾರ್ಮನ್ ಪಂಥದವರು ತಲೆಮಾರುಗಟ್ಟಲೆ ವಂಶಾವಳಿ ಬರೆದಿಟ್ಟಿದ್ದಾರೆ. ಅದನ್ನ ಆಸ್ಪತ್ರೆ ದಾಖಲೆಗೆ ಜೋಡಿಸಿ ನೋಡಿದಾಗ, ಜೆಐಎ ಇರುವ ಮಕ್ಕಳ ಒಡಹುಟ್ಟಿದವರಿಗೆ ಅಪಾಯ ಹತ್ತು ಪಟ್ಟಿಗಿಂತ ತುಸು ಹೆಚ್ಚು ಅಂತ ಗೊತ್ತಾಯ್ತು. (ನಮ್ಮಲ್ಲೂ ಹೆಳವರು ಎತ್ತಿನ ಮೇಲೆ ಬಂದು ತಲೆಮಾರುಗಳ ಹೆಸರು ಓದಿ ಹೇಳ್ತಾರೆ. ಯಾರ ಮಂಡಿ ಊದಿತ್ತು ಅಂತ ಮಾತ್ರ ಹೇಳಲ್ಲ!) ಹತ್ತು ಪಟ್ಟು ಅಂದ್ರೆ ಗಾಬರಿ ಬೇಡ. ಸಾಮಾನ್ಯವಾಗಿ ಸಾವಿರಕ್ಕೆ ಸುಮಾರು ಒಂದು ಮಗುವಿಗೆ ಬರೋ ಕಾಯಿಲೆ ಇದು. ಹತ್ತು ಪಟ್ಟಾದ್ರೂ ನೂರಕ್ಕೆ ಒಂದರ ಆಸುಪಾಸು. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೆ ಬರದೇ ಇರೋದೇ ಹೆಚ್ಚು.

[ಪರದೆ: ಅಪ್ಪನ ಚೌಕ, ಅಮ್ಮನ ದುಂಡು. ನಡುವೆ ಒಂದು ಗೆರೆ ಇದ್ದದ್ದು ಎರಡಾಗುತ್ತದೆ]

ಈ ಜೋಡಿ ಗೆರೆ ನಮ್ಮೂರ ಕಡೆ ಬಹಳ ಮುಖ್ಯ. ರಕ್ತಸಂಬಂಧದಲ್ಲಿ ಮದುವೆ ಅಂತ ಅರ್ಥ. ಸೋದರಮಾವ, ಅತ್ತೆ ಮಗ. “ಸಂಬಂಧದಲ್ಲೇ ಮದುವೆನಾ?” ಅಂತ ಡಾಕ್ಟರ್ ಕೇಳಿದ್ರೆ ಮುಖ ಸಿಂಡರಿಸಬೇಡಿ, ಅದಕ್ಕೆ ಕಾರಣ ಇದೆ. ಸಂಧಿವಾತದ ವೇಷ ಹಾಕೋ ಇನ್ನೊಂದು ಕಾಯಿಲೆ ಇದೆ: ಮೂರರಿಂದ ಎಂಟು ವರ್ಷದ ಸುಮಾರಿಗೆ ಮಗುವಿನ ಬೆರಳ ಗೆಣ್ಣುಗಳು ದಪ್ಪ ಆಗ್ತಾವೆ, ಬಿಗಿಯಾಗ್ತಾವೆ, ನಡಿಗೆ ಓಲಾಡುತ್ತೆ. ನೋಡೋಕೆ ಥೇಟ್ ಸಂಧಿವಾತ. ಆದ್ರೆ ಮುಟ್ಟಿದ್ರೆ ಬಿಸಿ ಇಲ್ಲ, ಬಾವು ಇದ್ರೆ ಏರೋ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ನಾರ್ಮಲ್. ಬೆನ್ನಿನ ಎಕ್ಸ್‌ರೇ ತೆಗೆದ್ರೆ ಕಶೇರುಗಳು, ಅಂದ್ರೆ ಬೆನ್ನುಮೂಳೆಯ ಮಣಿಗಳು, ಚಪ್ಪಟೆ. ಇದು ಪ್ರೊಗ್ರೆಸಿವ್ ಸ್ಯೂಡೋರುಮಟಾಯ್ಡ್ ಡಿಸ್‌ಪ್ಲೇಸಿಯಾ. ಹೆಸರು ನೆನಪಿಡಬೇಕಿಲ್ಲ. ಬೇಲಿ ಇಲ್ಲಿ ಹೊಲ ಮೇಯ್ತಿಲ್ಲ, ಒಂದೇ ಒಂದು ಜೀನ್‌ನ ತೊಡಕಿಂದ ಮೂಳೆ, ಮೆದುಮೂಳೆ ಸರಿಯಾಗಿ ಬೆಳೀತಿಲ್ಲ ಅಷ್ಟೇ. ಸಂಧಿವಾತ ಅಂದ್ಕೊಂಡು ವರ್ಷಗಟ್ಟಲೆ ಸ್ಟೆರಾಯ್ಡ್, ಮೆಥೋಟ್ರೆಕ್ಸೇಟ್ ನುಂಗಿದ ಮಕ್ಕಳಿದ್ದಾರೆ, ಏನೂ ಉಪಯೋಗ ಆಗಿಲ್ಲ.

ಅಮ್ಮನ ಅದೇ ಪ್ರಶ್ನೆಗೆ ಇಲ್ಲಿ ಉತ್ತರವೇ ಬೇರೆ. ಅಪ್ಪ, ಅಮ್ಮ ಇಬ್ಬರಲ್ಲೂ ಆ ಜೀನ್‌ನ ತೊಡಕು ಅಡಗಿದ್ರೆ (ಸಂಬಂಧದಲ್ಲೇ ಮದುವೆಯಾದಾಗ ಹೀಗಾಗೋ ಸಾಧ್ಯತೆ ಹೆಚ್ಚು), ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಇಂಥಾ ಕಡೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಲೇಬೇಕು.

ನಮ್ಮ ಹುಡುಗಿಯ ಹಾಳೆಯಲ್ಲಿ ಜೋಡಿ ಗೆರೆ ಇಲ್ಲ. ಅವಳಿಗೆ ಮೊದಲು ಬರೆದುಕೊಟ್ಟಿದ್ದು ಕಣ್ಣಿನ ಡಾಕ್ಟರ್ ಹತ್ರ ಸ್ಲಿಟ್ ಲ್ಯಾಂಪ್ ಪರೀಕ್ಷೆಗೆ. ಜೆಐಎ ಇದ್ದಾಗ ಕಣ್ಣೊಳಗೆ ನೋವಿಲ್ಲದೆ, ಕೆಂಪಾಗದೆ ಬಾವು ಬರಬಹುದು, ಮಗು ಹೇಳೋದೇ ಇಲ್ಲ.

ಎರಡನೇ ಚೀಟಿ ಅಪ್ಪನಿಗೆ, ಚರ್ಮದ ಡಾಕ್ಟರಿಗೆ ತೋರಿಸೋಕೆ. ಬಾಗಿಲ ಹತ್ರ ನಿಂತು ಅವರು ಕೇಳಿದ್ರು: “ಮೇಡಂ, ಹಾಗಾದ್ರೆ ಆ ಟ್ಯೂಬು?”

“ಇವತ್ತೇ ನಿಲ್ಲಿಸಿ. ಆದ್ರೆ ಬಿಸಾಡಬೇಡಿ, ಅವರಿಗೆ ತೋರಿಸೋಕೆ ತಗೊಂಡು ಹೋಗಿ.”