ನಡುಗೋಡೆ ಕೆಲಸಕ್ಕೆ ಸರ್ವೇಯರ್ ಹಿಡಿಯೋ ಮುಂಚೆ

ನಮಸ್ಕಾರ ಎಲ್ರಿಗೂ. ಇಂಗ್ಲೆಂಡಲ್ಲೋ ವೇಲ್ಸಲ್ಲೋ ಮನೆ ತಗೊಂಡು, ಈಗ ಲಾಫ್ಟ್ ಅಂದ್ರೆ ಛಾವಣಿ ಕೆಳಗಿನ ಜಾಗನ ಕೋಣೆ ಮಾಡ್ಸೋಣ, ಅಡುಗೆಮನೆ ಹಿಂದಕ್ಕೆ ಬೆಳೆಸೋಣ ಅಂತ ಯೋಚ್ನೆ ಮಾಡ್ತಿರೋ ನಮ್ಮವ್ರಿಗೆ ಇವತ್ತಿನ ಮಾತು. ಸಾಲಾಗಿ ಅಂಟಿಕೊಂಡಿರೋ ಟೆರೇಸ್ ಮನೆ, ಎರಡೆರಡು ಜೋಡಿಯಾಗಿ ಅಂಟಿಕೊಂಡಿರೋ ಸೆಮಿ ಡಿಟ್ಯಾಚ್ಡ್ ಮನೆ ಅಂದ್ರೆ ನಮಗೂ ಪಕ್ಕದವ್ರಿಗೂ ನಡುವೆ ಇರೋದು ಒಂದೇ ಗೋಡೆ, ಅದಕ್ಕೆ ಇಲ್ಲಿ ಪಾರ್ಟಿ ವಾಲ್ ಅಂತಾರೆ, ನಾನು ನಡುಗೋಡೆ ಅಂತೀನಿ. ಅದಕ್ಕೆ ಕೈ ಹಾಕೋ ಕೆಲಸ ಬಂದಾಗ ಸರ್ವೇಯರ್ ಮಾತು ಬರತ್ತೆ. ನಮ್ಮೂರ ಕಡೆ ಸರ್ವೇಯರ್ ಅಂದ್ರೆ ಜಮೀನು ಅಳೆದು ಹದ್ದುಬಸ್ತು ಮಾಡಿ ಕಲ್ಲು ನೆಡ್ಸೋರು ನೆನಪಾಗ್ತಾರಲ್ಲ, ಇವರು ಆ ಥರದವ್ರಲ್ಲ. ಗೋಡೆಗೆ ಏನೇನು ಕೆಲಸ ಮಾಡ್ಬಹುದು, ಹೇಗೆ, ಯಾವ ಹೊತ್ತಲ್ಲಿ, ಪಕ್ಕದ ಮನೆಗೆ ಹಾನಿ ಆದ್ರೆ ಏನು ಮಾಡ್ಬೇಕು ಅಂತ ಇವರು ಬರೆದು ಕೊಡ್ತಾರೆ. ಆ ಕಾಗದಕ್ಕೆ ಅವಾರ್ಡ್ ಅಂತ ಹೆಸರು, ಒಪ್ಪಿಗೆ ಇಲ್ಲ ಅಂದ್ರೆ 14 ದಿನದೊಳಗೆ ಕೌಂಟಿ ಕೋರ್ಟಿಗೆ ಹೋಗ್ಬೇಕು, ಬಿಟ್ರೆ ಅದೇ ಕಡೆ ಮಾತು.

ಇದಕ್ಕೆಲ್ಲ ಆಧಾರ 1996ರ ಪಾರ್ಟಿ ವಾಲ್ ಕಾಯ್ದೆ, ಜಾರಿಗೆ ಬಂದಿದ್ದು 1997ರ ಜುಲೈ 1ಕ್ಕೆ. ಸ್ಕಾಟ್ಲೆಂಡಲ್ಲಿ ಇರೋರಿಗೆ ಇದು ಅನ್ವಯ ಆಗಲ್ಲ.

ಆ ಕಾಯ್ದೆಯಲ್ಲಿ ಒಂದು ಮಾತಿದೆ, ನಂಗೆ ಅದು ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು. ಒಂದ್ಸಲ ಸರ್ವೇಯರ್ ಅಂತ ಯಾರನ್ನಾದ್ರೂ ಬರೆದು ನೇಮಿಸಿದ್ರೆ ಅವರನ್ನ ನೀವು ತೆಗೆಯೋಕಾಗಲ್ಲ. ಲಾಯರ್ ಸರಿ ಇಲ್ಲ ಅಂದ್ರೆ ಬದಲಾಯಿಸ್ತೀವಿ, ಬಿಲ್ಡರ್ ಸರಿ ಇಲ್ಲ ಅಂದ್ರೆ ಕಳಿಸ್ತೀವಿ, ಇವರನ್ನ ಆಗಲ್ಲ. ಅವರು ತೀರಿಕೊಂಡ್ರೆ, ಇಲ್ಲಾ ತಾವೇ ನನ್ನಿಂದಾಗಲ್ಲ ಅಂದ್ರೆ ಆ ಮಾತು ಬೇರೆ. ಯಾಕೆ ಹೀಗಿದೆ ಅಂದ್ರೆ, ದುಡ್ಡು ನಾವು ಕೊಟ್ರೂ ಅವರು ನಮ್ಮ ಪರ ವಕೀಲರಲ್ಲ, ಎರಡೂ ಮನೆಯವ್ರನ್ನ ಒಂದೇ ಥರ ನೋಡ್ಬೇಕು, ನಂಗೆ ಬೇಕಾದ ಹಾಗೆ ಬರೀಲಿಲ್ಲ ಅಂತ ನಾನು ಓಡಿಸಿಬಿಟ್ರೆ ಅದು ನ್ಯಾಯ ಆಗಲ್ಲ ಅಲ್ವಾ. ಕಾಯ್ದೆ ಸರಿಯಾಗೇ ಇದೆ. ಆದ್ರೆ ಅದರರ್ಥ ಏನು ಅಂದ್ರೆ ವಿಚಾರಿಸೋದೆಲ್ಲಾ ಸಹಿ ಹಾಕೋ ಮುಂಚೇನೇ ಆಗ್ಬೇಕು.

ನಮ್ಮನೇಲಿ ಆಗಿದ್ದು ಹೇಳ್ತೀನಿ. ಲಾಫ್ಟ್ ಕೆಲಸ, ಉಕ್ಕಿನ ಬೀಮುಗಳ ತುದಿ ನಡುಗೋಡೆ ಒಳಗೆ ಕೂರ್ಬೇಕಿತ್ತು. ಬಿಲ್ಡರ್ ಒಬ್ಬರ ಹೆಸರು ಹೇಳಿದ, ಫೀಸು ಕಮ್ಮಿ ಅಂತ ನಾವೂ ಹೂಂ ಅಂದ್ವಿ. ಪಕ್ಕದ ಮನೆ ಅಜ್ಜಿ ಪಾಪ, ನಿಮಗೆ ಸರಿ ಅನ್ಸಿದ್ರೆ ನಂಗೂ ಸರಿ ಅಂತ ಅವರನ್ನೇ ಒಪ್ಪಿದ್ರು. ಕೆಲಸ ಶುರುವಾಗೋ ಮುಂಚೆ ಪಕ್ಕದ ಮನೆ ಸ್ಥಿತಿ ಹೇಗಿದೆ ಅಂತ ಬರೆದಿಡೋ ಒಂದು ದಾಖಲೆ ಇರತ್ತೆ, ಶೆಡ್ಯೂಲ್ ಆಫ್ ಕಂಡಿಷನ್ ಅಂತ. ಆ ಮನುಷ್ಯ ಬಂದು ಹತ್ತು ನಿಮಿಷ ಓಡಾಡಿ ಅರ್ಧ ಪುಟ ಬರೆದು ಹೋದ್ರು, ಮಲಗೋ ಕೋಣೆ ಸೀಲಿಂಗ್ ಬಗ್ಗೆ ಚೆನ್ನಾಗಿದೆ ಅಂತ ಒಂದೇ ಸಾಲು, ಒಂದು ಫೋಟೋ ಇಲ್ಲ. ಬೀಮ್ ಕೂರ್ಸಿದ ವಾರ ಅಜ್ಜಿ ಸೀಲಿಂಗಲ್ಲಿ ಬಿರುಕು ಕಾಣಿಸ್ತು. ಅದು ಹಳೇದಾ ಹೊಸದಾ? ಬಿಲ್ಡರ್ ಹಳೇದು ಅಂತಾನೆ, ಅಜ್ಜಿ ನಾನು ದಿನಾ ರಾತ್ರಿ ಅದನ್ನೇ ನೋಡ್ಕೊಂಡು ಮಲಗೋದು ಕಣಮ್ಮಾ, ಇರ್ಲಿಲ್ಲ ಅಂತಾರೆ, ಸರ್ವೇಯರ್ ಫೋನೇ ಎತ್ತಲ್ಲ. ನಾನು ಅಜ್ಜಿ ಮಾತು ನಂಬಿದೆ, ರಿಪೇರಿ ಮಾಡ್ಸಿ ಪೇಂಟ್ ಹೊಡ್ಸಿ ಕೊಟ್ವಿ. ದುಡ್ಡು ಹೋಗಿದ್ದಕ್ಕಿಂತ ಆ ಎರಡು ತಿಂಗಳು ಅವರ ಮುಖ ನೋಡೋಕೆ ಆಗ್ತಿರ್ಲಿಲ್ಲವಲ್ಲ, ಅದು ಈಗ್ಲೂ ನೋವು. ಹೀಗೆ ಎರಡೂ ಮನೆಯವ್ರು ಸೇರಿ ಒಪ್ಪಿದ ಒಬ್ಬ ಸರ್ವೇಯರಿಗೆ ಕೆಲಸ ಮಾಡಿ ಅಂತ ಬರೆದು ಕೇಳಿ 10 ದಿನ ಆದ್ರೂ ಅವರು ಅಲ್ಲಾಡ್ಲಿಲ್ಲ ಅಂದ್ರೆ ಹೊಸದಾಗಿ ಶುರು ಮಾಡೋ ದಾರಿ ಕಾಯ್ದೆಯಲ್ಲೇ ಇದೆ, ಅದೂ ಆಗ ನಂಗೆ ಗೊತ್ತಿರ್ಲಿಲ್ಲ.

ಈಗ, ಯಾರನ್ನ ಹಿಡಿಯೋದು? ಕೇಳಿದ್ರೆ ಗಾಬರಿ ಆಗ್ಬೇಡಿ, ಕಾಯ್ದೆ ಪ್ರಕಾರ ಈ ಕೆಲಸಕ್ಕೆ ಡಿಗ್ರಿ ಬೇಕಿಲ್ಲ, ಲೈಸೆನ್ಸ್ ಬೇಕಿಲ್ಲ, ಕೆಲಸ ಮಾಡಿಸ್ತಿರೋ ಮಾಲೀಕರು ಮತ್ತೆ ಪಕ್ಕದ ಮಾಲೀಕರು ಬಿಟ್ಟು ಯಾರು ಬೇಕಾದ್ರೂ ಸರ್ವೇಯರ್ ಆಗ್ಬಹುದು. ಹಾಗಾಗಿ ಜರಡಿ ಹಿಡಿಯೋದು ನಮ್ಮ ಮೇಲೇ ಬೀಳತ್ತೆ. ಆರ್‌ಐಸಿಎಸ್ ಅನ್ನೋ ಸರ್ವೇಯರುಗಳ ವೃತ್ತಿ ಸಂಸ್ಥೆ ಸದಸ್ಯರಾ, ಫ್ಯಾಕಲ್ಟಿ ಆಫ್ ಪಾರ್ಟಿ ವಾಲ್ ಸರ್ವೇಯರ್ಸ್ ಅಂತ ಇದೆ ಅದರಲ್ಲಿದಾರಾ ನೋಡಿ, ಪಿರಮಸ್ ಅಂಡ್ ಥಿಸ್ಬಿ ಅಂತಾನೂ ಒಂದು ಸಂಘ ಇದೆ, ಅಕ್ಕಪಕ್ಕದ ಮನೆ ಹುಡುಗ ಹುಡುಗಿ ನಡುಗೋಡೆ ಬಿರುಕಲ್ಲಿ ಮಾತಾಡ್ಕೊಳ್ಳೋ ಹಳೇ ಕಥೆಯಿಂದ ಆ ಹೆಸರು ತಗೊಂಡಿದಾರೆ, ನಂಗೆ ತುಂಬಾ ಇಷ್ಟ ಆಯ್ತು ಅದು. ಆದ್ರೆ ಸದಸ್ಯತ್ವ ನೋಡಿ ನಿಲ್ಲಿಸ್ಬೇಡಿ. ಮುಂಚೆ ಮಾಡಿರೋ ಒಂದು ಶೆಡ್ಯೂಲ್ ತೋರ್ಸಿ ಅನ್ನಿ, ಹೆಸರು ವಿಳಾಸ ಮುಚ್ಚಿ ತೋರ್ಸಿದ್ರೆ ಸಾಕು. ಕೋಣೆ ಕೋಣೆಗೂ ಫೋಟೋ, ಬಿರುಕಿನ ಅಗಲ, ಯಾವ ಮೂಲೆಯಿಂದ ಎಲ್ಲಿವರೆಗೆ ಹೋಗಿದೆ ಅಂತೆಲ್ಲಾ ಇದ್ರೆ ಒಳ್ಳೇ ಕೈ ಅಂತ ತಿಳ್ಕೊಳ್ಳಿ. ಫೀಸು ಒಟ್ಟು ಮೊತ್ತನಾ ಗಂಟೆ ಲೆಕ್ಕನಾ, ಮತ್ತೆ ಬರ್ಬೇಕಾದ್ರೆ ಎಷ್ಟು, ಕಂಪನಿಯಿಂದ ಯಾರು ಬರ್ತಾರೆ, ಅವಾರ್ಡಿಗೆ ಸಹಿ ಹಾಕೋರ ಹೆಸರೇನು, ಎಲ್ಲಾ ಕೇಳಿ.

ಇನ್ನೊಂದು ಪರೀಕ್ಷೆ, ಇದು ನಂಗೆ ಬಹಳ ನಂಬಿಕೆ ಇರೋದು. ಮೊದಲ ಫೋನಲ್ಲೇ ಅವರು ನಿಮ್ಮನ್ನ ಏನು ಕೇಳ್ತಾರೆ ಗಮನಿಸಿ. ಮನೆ ಪತ್ರದಲ್ಲಿ ಯಾರ್ಯಾರ ಹೆಸರಿದೆ, ಗಂಡ ಹೆಂಡ್ತಿ ಇಬ್ರದ್ದೂ ಇದ್ಯಾ, ಪಕ್ಕದ್ದು ಮನೆನಾ ಫ್ಲಾಟಾ, ಫ್ಲಾಟ್ ಆದ್ರೆ ಫ್ರೀಹೋಲ್ಡರ್ ಅಂದ್ರೆ ಜಾಗದ ಮೂಲ ಮಾಲೀಕರು ಯಾರು, ಲೀಸ್‌ಹೋಲ್ಡರ್ ಅಂದ್ರೆ ದೀರ್ಘ ಗುತ್ತಿಗೆ ಮೇಲೆ ಇರೋರು ಯಾರು, ಪಾಯ ಎಷ್ಟು ಆಳ ತೋಡ್ತೀರಿ ಅಂತ ಕೇಳ್ಬೇಕು. ಯಾಕಂದ್ರೆ ಇಂಥ ಕೆಲಸ ಮಾಡ್ತೀವಿ ಅಂತ ಪಕ್ಕದವ್ರಿಗೆ ಮೊದಲೇ ಬರೆದು ಕೊಡೋ ನೋಟಿಸ್ ನಮ್ಮ ಕಡೆ ಎಲ್ಲಾ ಮಾಲೀಕರ ಹೆಸರಲ್ಲಿ ಹೋಗ್ಬೇಕು, ಪಕ್ಕದ ಎಲ್ಲಾ ಮಾಲೀಕರಿಗೂ ಹೋಗ್ಬೇಕು, ಒಂದು ಹೆಸರು ಬಿಟ್ರೂ ಮುಂದೆ ಅವಾರ್ಡೇ ಬಿದ್ದೋಗಬಹುದು. ನಡುಗೋಡೆ ಕೆಲಸಕ್ಕೆ ಎರಡು ತಿಂಗಳು ಮುಂಚೆ ನೋಟಿಸ್, ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳಕ್ಕೆ ಅಗೆಯೋದಾದ್ರೆ ಒಂದು ತಿಂಗಳು. ಇದ್ಯಾವುದೂ ಕೇಳ್ದೆ ನೇರ ರೇಟ್ ಹೇಳೋರು ನಮ್ಮ ಮನೆಗೆ ಬಂದವ್ರ ಥರದವ್ರೇ. ಕೆಲವು ಬಿಲ್ಡರುಗಳು ನೋಟಿಸ್ ಗೀಟಿಸ್ ಬೇಡ, ಬೇಗ ಮುಗ್ಸೋಣ ಅಂತಾರಲ್ಲ, ದಯವಿಟ್ಟು ಒಪ್ಕೋಬೇಡಿ. ನೋಟಿಸೇ ಕೊಡ್ದೆ ಕೆಲಸ ಮಾಡಿದ್ರೆ ಈ ಕಾಯ್ದೆ ದಾರಿನೇ ಇರಲ್ಲ, ಸರ್ವೇಯರುಗಳು ಆಮೇಲೆ ಬಂದು ಪರಿಹಾರ ಬರೆಯೋ ಹಾಗಿಲ್ಲ ಅಂತ 2023ರಲ್ಲಿ ಇಲ್ಲಿನ ಕೋರ್ಟ್ ಆಫ್ ಅಪೀಲ್ ಹೇಳಿದೆ, ಪಕ್ಕದವ್ರು ನೇರ ಕೋರ್ಟಿಗೇ ಹೋಗ್ಬೇಕಾಗತ್ತೆ.

ಒಬ್ಬರಾ ಇಬ್ಬರಾ ಅನ್ನೋದೂ ಇದೆ. ಎರಡೂ ಮನೆಯವ್ರು ಸೇರಿ ಒಬ್ಬರನ್ನ ಒಪ್ಪಿದ್ರೆ ಖರ್ಚು ಕಮ್ಮಿ, ಕೆಲಸ ಬೇಗ. ಪಕ್ಕದವ್ರು ನಂಗೆ ನನ್ನವರೇ ಬೇಕು ಅಂದ್ರೆ ಬೇಜಾರು ಮಾಡ್ಕೋಬೇಡಿ, ಅದು ಅವ್ರ ಹಕ್ಕು, ಆ ಇಬ್ಬರು ಸೇರಿ ಮೂರನೇ ಒಬ್ಬರನ್ನ ಮೊದಲೇ ಆರಿಸಿಡ್ತಾರೆ, ಇವರಿಬ್ರಿಗೂ ಹೊಂದಲಿಲ್ಲ ಅಂದ್ರೆ ಕೇಳೋಕೆ. ಕೆಲಸ ನಮ್ದೇ ಆದ್ರೆ ಸಾಮಾನ್ಯವಾಗಿ ಎರಡೂ ಕಡೆ ಫೀಸು ನಮ್ಮ ತಲೆಗೇ ಬರತ್ತೆ, ಬಜೆಟ್ಟಲ್ಲಿ ಅದನ್ನ ಮೊದಲೇ ಇಟ್ಕೊಳ್ಳಿ. ಪಕ್ಕದವ್ರು ಬರೆದು ಒಪ್ಪಿಗೆ ಕೊಟ್ರೆ ಸರ್ವೇಯರೇ ಬೇಕಾಗಲ್ಲ, ಆಗ್ಲೂ ಶೆಡ್ಯೂಲ್ ಒಂದು ಮಾಡ್ಸಿಡಿ ಅಂತೀನಿ ನಾನು.

ಕೊನೇದಾಗಿ, ನೋಟಿಸ್ ನಿಮ್ಮ ಮನೆಗೇ ಬಂದ್ರೆ. ಅದ್ರ ಹಿಂದೇನೇ ಗೊತ್ತಿಲ್ದೇ ಇರೋ ಸರ್ವೇಯರುಗಳಿಂದ ಕಾಗದ ಬರೋಕೆ ಶುರುವಾಗಬಹುದು, ನಿಮಗೆ ಒಂದು ಪೈಸೆ ಖರ್ಚಿಲ್ಲ, ಸಹಿ ಹಾಕಿ ಕಳ್ಸಿ ಅಂತ. ಹಾಕೋ ಮುಂಚೆ ಒಂದು ನಿಮಿಷ ನಿಲ್ಲಿ, ಆ ಖರ್ಚು ಬೀಳೋದು ಪಕ್ಕದ ಮನೆಯವ್ರ ಮೇಲೆ, ಮತ್ತೆ ಆ ಸಹಿನೂ ವಾಪಸ್ ತಗೊಳ್ಳೋಕಾಗಲ್ಲ. ಹಾಗಂತ ಸುಮ್ನೆ ಕೂರೋ ಹಾಗೂ ಇಲ್ಲ, 14 ದಿನದಲ್ಲಿ ಉತ್ತರ ಕೊಡ್ಲಿಲ್ಲ ಅಂದ್ರೆ ಈ ಕೆಲಸಗಳಲ್ಲಿ ನೀವು ಒಪ್ಪಿಲ್ಲ ಅಂತಾನೇ ಲೆಕ್ಕ, ಆಮೇಲೆ 10 ದಿನದಲ್ಲಿ ಸರ್ವೇಯರನ್ನ ನೇಮಿಸಿ ಅಂತ ಬರೋ ಕಾಗದಕ್ಕೂ ಸುಮ್ನಿದ್ರೆ ನಿಮ್ಮ ಪರವಾಗಿ ಸರ್ವೇಯರನ್ನ ಕೆಲಸ ಮಾಡಿಸ್ತಿರೋ ಪಕ್ಕದವ್ರೇ ನೇಮಿಸ್ಬಹುದು. ನೋಟಿಸ್ ಬಂದ ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿ, ಅವತ್ತು ಸಂಜೆನೇ ಪಕ್ಕದ ಮನೆ ಬಾಗಿಲು ತಟ್ಟಿ ಪ್ಲಾನ್ ತೋರ್ಸಿ ಅನ್ನಿ.