ನಳ ಬಂತು ಅನ್ನೋ ಬಟನ್

ಕೇಳುಗರಿಗೆ ನಮಸ್ಕಾರ.

ವೆಬ್ ಪ್ರೋಗ್ರಾಮಿಂಗ್‌ನಲ್ಲಿ ಯುವಜನರಿಗೆ ಇರುವ ಅವಕಾಶಗಳ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಅವಕಾಶಗಳ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಬಸ್ ಸ್ಟ್ಯಾಂಡಿನ ಗೋಡೆ ಮೇಲೂ ಅದೇ ಇರುತ್ತದೆ, ಆರು ತಿಂಗಳ ಕೋರ್ಸು, ನೌಕರಿ ಗ್ಯಾರಂಟಿ ಅಂತ. ನಾನು ಒಂದೇ ಮಾತು ಹೇಳಲು ಬಂದಿದ್ದೇನೆ. ಚಿಕ್ಕದೊಂದು ವೆಬ್ ಪುಟ ಮಾಡಿ. ನಿಮ್ಮ ಓಣಿಯಲ್ಲಿ ಒಬ್ಬರಿಗಾದರೂ ಅದು ಬೇಕಾಗಿರಬೇಕು. ಮಾಡಿ, ಅವರ ಕೈಗೆ ಕೊಡಿ. ಈ ಮಾತನ್ನು ಇನ್ನೂ ನಾಲ್ಕಾರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಹೊತ್ತಿನಲ್ಲಿ ರೇಡಿಯೊ ಮುಂದೆ ಯಾರಿದ್ದಾರೆ ಎಂದು ನನ್ನದೊಂದು ಊಹೆ ಇದೆ. ಮಾನ್ವಿಯಲ್ಲೋ ಲಿಂಗಸುಗೂರಿನಲ್ಲೋ ಡಿಗ್ರಿ ಓದುತ್ತಿರುವ ತಮ್ಮ. ಸಿಂಧನೂರಿನಲ್ಲಿ ಬಿಸಿಎ ಮುಗಿಸಿ, ಬೆಂಗಳೂರಿಗೆ ಹೋಗಲೋ ಬೇಡವೋ ಎಂದು ಕೂತಿರುವ ತಂಗಿ. ಹಿಂದೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ, ‘ಹಗಲೆಲ್ಲ ಆ ಡಬ್ಬಿ ಮುಂದೆ ಕೂತು ಏನು ಮಾಡ್ತಾಳೋ ಏನೋ’ ಅನ್ನುವ ಅವ್ವ. ಅವ್ವಂದಿರೂ ಸ್ವಲ್ಪ ಕೇಳಿ, ನಿಮಗೂ ಇದರಲ್ಲಿ ಕೆಲಸ ಇದೆ.

ನಾನು ಇರುವುದು ರಾಯಚೂರಿನಲ್ಲಿ. ಕೆಲಸ ಬೆಂಗಳೂರಿನ ಒಂದು ಕಂಪನಿಯದ್ದು, ಮಾಡುವುದು ಮನೆಯಿಂದ. ಬೆಳಗ್ಗೆ ಒಗ್ಗರಣೆ, ಮಿರ್ಚಿ ತಿಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮೀಟಿಂಗ್ ಶುರು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀಯ, ಏನಾದರೂ ಅಡ್ಡಿ ಇದೆಯಾ. ನಮ್ಮಲ್ಲಿ ಮೇ ತಿಂಗಳಲ್ಲಿ ದಿನಾ ಹೇಳುವ ಅಡ್ಡಿ ಒಂದೇ, ಕರೆಂಟು. ಆಮೇಲೆ ಸಂಜೆವರೆಗೆ ಯಾರೋ ಕೇಳಿದ ಬಟನ್ನು ಅತ್ತ ಸರಿಸು, ಯಾವುದೋ ಫಾರ್ಮಿನಲ್ಲಿ ಬರುತ್ತಿರುವ ತಪ್ಪು ಹುಡುಕು. ಒಳ್ಳೆ ಕೆಲಸವೇ, ಸಂಬಳ ಬರುತ್ತದೆ. ಆದರೆ ಆ ಪುಟಗಳನ್ನು ಯಾರು ನೋಡುತ್ತಾರೆ, ಅವರಿಗೆ ಅದು ಹಿಡಿಸಿತಾ, ನನಗೆ ಗೊತ್ತೇ ಆಗುವುದಿಲ್ಲ. ಓಣಿಯವರಿಗೆ ನಾನು ‘ಕಂಪ್ಯೂಟರ್ ಹುಡುಗಿ’. ಪ್ರಿಂಟರ್ ಕೆಟ್ಟರೆ, ಪಹಣಿ ತೆಗೆಸಬೇಕಾದರೆ, ಮೊಬೈಲ್ ಬಿಸಿಯಾದರೆ ನಮ್ಮ ಬಾಗಿಲಿಗೆ ಬರುತ್ತಾರೆ. ನನಗೆ ಪ್ರಿಂಟರ್ ರಿಪೇರಿ ಬರುವುದಿಲ್ಲ. ಯಾರೂ ನಂಬುವುದಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಅದೇ ಲ್ಯಾಪ್‌ಟಾಪ್ ತೆಗೆದು ನನ್ನದೇ ಏನಾದರೂ ಮಾಡುತ್ತಾ ಕೂಡುತ್ತೇನೆ. ಅದರಲ್ಲಿ ಒಂದರ ಕಥೆ ಹೇಳಬೇಕು.

ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ, ಬರುವ ದಿನವೂ ಹೊತ್ತು ಗೊತ್ತಿಲ್ಲ. ಒಮ್ಮೆ ಬೆಳಗಿನ ಜಾವ, ಒಮ್ಮೆ ಮಧ್ಯಾಹ್ನ. ನೀರು ಬಿಡುವವರ ಮೇಲೆ ನನ್ನ ದೂರಿಲ್ಲ, ಅದು ಬೇರೆ ಭಾಷಣ. ತೊಂದರೆ ಏನೆಂದರೆ, ಪ್ರತಿ ಮನೆಯಲ್ಲೂ ಒಬ್ಬರು ನಳದ ಕಡೆ ಒಂದು ಕಿವಿ ಇಟ್ಟುಕೊಂಡೇ ಇರಬೇಕು. ಪಕ್ಕದ ಮನೆಯ ದೊಡ್ಡವ್ವ ಅರ್ಧ ಗಂಟೆಗೊಮ್ಮೆ ಕಟ್ಟೆ ಮೇಲಿಂದ ಕೇಳುತ್ತಿದ್ದರು, ‘ನಳ ಬಂದದೇನವ್ವಾ?’ ನಾನು ಮೀಟಿಂಗಿನಲ್ಲಿ ಇದ್ದರೂ ಕೇಳುತ್ತಿದ್ದರು. ಬೆಂಗಳೂರಿನ ನನ್ನ ಸಹೋದ್ಯೋಗಿಗಳಿಗೆಲ್ಲ ಆ ದನಿ ಪರಿಚಯ.

ಒಂದು ಸಂಜೆ ಕೂತು ಒಂದು ಪುಟ ಮಾಡಿದೆ. ಅದರಲ್ಲಿ ಇದ್ದದ್ದು ಒಂದೇ ಬಟನ್, ‘ನಳ ಬಂತು’. ಮೊದಲು ನೋಡಿದವರು ಒತ್ತಬೇಕು. ಒತ್ತಿದ ಹೊತ್ತು ದೊಡ್ಡ ಅಕ್ಷರದಲ್ಲಿ ಎಲ್ಲರ ಮೊಬೈಲಿನಲ್ಲೂ ಕಾಣಬೇಕು. ಅಷ್ಟೇ. ಪುಟದಲ್ಲಿ ಒಂದು ಬಟನ್ ಇದೆ ಎಂದು ಬರೆಯುವುದು ಎಚ್‌ಟಿಎಂಎಲ್. ಆ ಬಟನ್ ಹಸಿರು, ಮುದುಕರ ಬೆರಳಿಗೂ ಸಿಗುವಷ್ಟು ದಪ್ಪ ಎಂದು ಬರೆಯುವುದು ಸಿಎಸ್‌ಎಸ್. ಒತ್ತಿದರೆ ಏನಾಗಬೇಕು ಎಂದು ಬರೆಯುವುದು ಜಾವಾಸ್ಕ್ರಿಪ್ಟ್. ಒತ್ತಿದ ಹೊತ್ತನ್ನು ನೆನಪಿಟ್ಟುಕೊಳ್ಳಲು ಎಲ್ಲೋ ದೂರದ ಒಂದು ಕಂಪ್ಯೂಟರ್ ಬೇಕು, ಅದು ಸರ್ವರ್. ವೆಬ್ ಪ್ರೋಗ್ರಾಮಿಂಗ್ ಅಂದರೆ ಇದೇ ನಾಲ್ಕು. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ಲಿಂಕನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಪಾಠ ಶುರುವಾದದ್ದು ಆಮೇಲೆ.

ಮೊದಲ ದಿನ ಬೆಳಗ್ಗೆ 6ಕ್ಕೆ ನೀರು ಬಂತು. ಪುಟದಲ್ಲಿ ರಾತ್ರಿ 12.30 ಎಂದು ಬಂತು. ದೊಡ್ಡವ್ವನಿಗೆ ಗಾಬರಿ, ‘ನಡುರಾತ್ರಿ ಬಂದು ಹೋಯ್ತಾ?’ ಆಗಿದ್ದು ಏನೆಂದರೆ, ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಅನ್ನೋ ಜಾಗತಿಕ ಗಡಿಯಾರ ಇಟ್ಟುಕೊಂಡಿರುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ‘ಏಷ್ಯಾ/ಕೋಲ್ಕತಾ’ ಎಂದು ಕೋಡಿನಲ್ಲಿ ಸೇರಿಸಿದರೆ ಸರಿಹೋಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದರೆ ಮರೆತುಹೋಗುತ್ತದೆ. ಇಡೀ ಓಣಿ ಕೊಡ ಹಿಡಿದು ನಿಮ್ಮ ಮನೆ ಮುಂದೆ ನಿಂತರೆ ಮರೆಯುವುದಿಲ್ಲ.

ಮುಂದೆ ಮಕ್ಕಳ ಕಾಟ. ಬಟನ್ ಕಂಡರೆ ಒತ್ತದೆ ಬಿಡುತ್ತಾರಾ? ನೀರಿಲ್ಲದ ಮಧ್ಯಾಹ್ನ ‘ನಳ ಬಂತು’, ಎಲ್ಲರೂ ನಿದ್ದೆಯಿಂದ ಎದ್ದು ಓಡಿದರು. ನಾನು ಲಾಗಿನ್ ಇಡೋಣ, ಪಾಸ್‌ವರ್ಡ್ ಇಡೋಣ ಎಂದು ಯೋಚಿಸುತ್ತಿದ್ದೆ, ಕಂಪನಿಯ ಅಭ್ಯಾಸ. ದೊಡ್ಡವ್ವ ಕಟ್ಟೆ ಮೇಲೆ ಕೂತೇ ಹೇಳಿದರು, ‘ಒಂದು ಮನಿಯವರು ಹೇಳಿದ್ರೆ ಚಾಷ್ಟಿ ಇರಬಹುದು, ಎರಡು ಮನಿಯವರು ಹೇಳಿದ್ರೆ ಖರೇ.’ ಅದನ್ನೇ ಕೋಡಿನಲ್ಲಿ ಬರೆದೆ. ಒಂದು ಮೊಬೈಲಿನಿಂದ ಒತ್ತಿದರೆ ಪುಟ ಹಳದಿ. ಇನ್ನೊಂದು ಮೊಬೈಲಿನಿಂದ ಒತ್ತಿದರೆ ಹಸಿರು. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ಇಂಥ ಬುದ್ಧಿ ನನಗೆ ಯಾವ ಮೀಟಿಂಗಿನಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ಅವರೇ ಕೇಳಿದರು, ಇದು ಸೀಟಿ ಹೊಡೆಯಬೇಕು ಅಂತ. ನ್ಯಾಯವೇ. ಕೈಯಲ್ಲಿ ಹಿಟ್ಟು ಇರುವಾಗ ಮೊಬೈಲ್ ಯಾರು ನೋಡುತ್ತಾರೆ? ಆದರೆ ಈಗಿನ ಬ್ರೌಸರ್‌ಗಳು ನೀವು ಒಮ್ಮೆಯೂ ಮುಟ್ಟದ ಪುಟಕ್ಕೆ ತಾನಾಗಿ ಸದ್ದು ಮಾಡಲು ಬಿಡುವುದಿಲ್ಲ. ಜಾಹೀರಾತುಗಳ ಕಾಟ ತಡೆಯಲು ಮಾಡಿದ ನಿಯಮ. ಮೊಬೈಲ್ ಪರದೆ ಆರಿದರೆ ಪುಟವೂ ಹೆಚ್ಚೂಕಮ್ಮಿ ನಿಂತುಹೋಗುತ್ತದೆ. ಹಾಗಾಗಿ ನೋಟಿಫಿಕೇಶನ್, ಅಂದರೆ ಪುಟ ತೆರೆಯದೆಯೂ ಮೊಬೈಲಿಗೆ ಸದ್ದು ಮಾಡಿ ಬರುವ ಸೂಚನೆ, ಕಲಿಯಬೇಕಾಯ್ತು. ಮನೆಮನೆಗೆ ಹೋಗಿ, ‘ಅನುಮತಿಸಿ ಅಂತ ಬರುತ್ತೆ, ಅದನ್ನು ಒತ್ತಿ’ ಎಂದು ಹೇಳಿಕೊಟ್ಟೆ. ಪ್ರತಿ ಮನೆಯಲ್ಲೂ ಚಹಾ. ನಾನು ಬಳಸಿದ್ದು ಬಿಟ್ಟಿ ಸರ್ವರ್. ಬಿಟ್ಟಿ ಸರ್ವರ್ ಅಂದರೆ ಲಾಡ್ಜಿನ ರಾತ್ರಿ ಕಾವಲುಗಾರನ ಹಾಗೆ, ಯಾರೂ ಬರದಿದ್ದರೆ ಮಲಗಿಬಿಡುತ್ತದೆ, ಬಾಗಿಲು ಬಡಿದ ಮೇಲೆ ಎದ್ದು ಕಣ್ಣುಜ್ಜಿ ತೆಗೆಯುತ್ತದೆ. ಬೆಳಗಿನ ಮೊದಲ ಒತ್ತು ತಡವಾಗುತ್ತಿದ್ದದ್ದು ಅದಕ್ಕೇ.

ಇಷ್ಟರಲ್ಲಿ ಒಂದು ದಿನ ನೀರು ಬಿಡುವ ವಾಲ್‌ಮನ್ ಅಣ್ಣ ನಮ್ಮ ಮನೆಗೇ ಬಂದರು. ನನ್ನ ಟೈಮ್ ಯಾರೋ ಬರೆದು ಇಡ್ತಿದ್ದಾರಂತೆ, ಯಾರದು ಅಂತ. ಮುಖ ಗಂಟು ಹಾಕಿಕೊಂಡಿದ್ದರು. ಅಪ್ಪ ಒಳಗಿನಿಂದ ನನ್ನ ಕಡೆ ನೋಡಿದ ನೋಟ ಬೇರೆ. ಪುಟ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಅವರು ಕೇಳಿದ್ದು ಇಷ್ಟೇ, ‘ಹಿಂದಿನ ಓಣಿಗೂ ಒಂದು ಮಾಡಿಕೊಡ್ತೀಯೇನವ್ವಾ? ಆ ಓಣಿಯವರು ಫೋನ್ ಮಾಡಿ ಮಾಡಿ ನನಗೆ ಊಟ ಮಾಡಲಿಕ್ಕೆ ಬಿಡವಲ್ಲರು.’ ಮಾಡಿಕೊಟ್ಟೆ. ಈಗ ವಾಲ್ ತಿರುಗಿಸುವ ಮೊದಲು ಅವರೇ ಒತ್ತುತ್ತಾರೆ. ಅವರು ಒತ್ತಿದರೆ ಹಳದಿ ಇಲ್ಲ, ನೇರ ಹಸಿರು. ನೀರು ನಮ್ಮ ಪೈಪಿನೊಳಗೆ ಬಂದು ಮುಟ್ಟುವ ಮೊದಲೇ ಓಣಿಗೆ ಸುದ್ದಿ.

ನೋಡಿ, ಈ ಒಂದು ಬಟನ್ನಿನಲ್ಲಿ ಗಡಿಯಾರ ಬಂತು, ಸರ್ವರ್ ಬಂತು, ನೋಟಿಫಿಕೇಶನ್ ಬಂತು, ಯಾರನ್ನು ನಂಬಬೇಕು ಅನ್ನೋ ಪ್ರಶ್ನೆಯೂ ಬಂತು. ಕೋರ್ಸಿನಲ್ಲಿ ಇವೆಲ್ಲ ಬೇರೆ ಬೇರೆ ಅಧ್ಯಾಯ, ನಿದ್ದೆ ಬರುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ಚಿಕ್ಕದೊಂದು ಮಾಡಿ, ಪಕ್ಕದವರ ಕೈಗೆ ಕೊಡಿ. ಅವರು ಬೈಯುತ್ತಾರೆ. ಬೈದದ್ದನ್ನು ಸರಿಮಾಡಿ. ಕಲಿಕೆ ಅಲ್ಲೇ ಇದೆ.

ಇದು ನನ್ನೊಬ್ಬಳ ಹುಚ್ಚಲ್ಲ. ವೆಬ್ ಹುಟ್ಟಿದ್ದೇ ಹೀಗೆ. 1989ರಲ್ಲಿ ಜಿನೀವಾ ಹತ್ತಿರದ ಸೆರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬುವವರು ಕೆಲಸ ಮಾಡುತ್ತಿದ್ದರು. ಅಲ್ಲಿ ಸಾವಿರಾರು ಜನ ವಿಜ್ಞಾನಿಗಳು, ಯಾರ ಕಾಗದ ಯಾವ ಕಂಪ್ಯೂಟರಿನಲ್ಲಿ ಇದೆ ಎಂದು ಹುಡುಕುವುದೇ ಒಂದು ಕೆಲಸ. ಅದನ್ನು ಸುಲಭ ಮಾಡಲು ಅವರು ಒಂದು ಯೋಜನೆ ಬರೆದು ಕೊಟ್ಟರು. ಅವರ ಮೇಲಧಿಕಾರಿ ಆ ಕಾಗದದ ಮೇಲೆ, ಸ್ಪಷ್ಟವಿಲ್ಲ, ಆದರೆ ಕುತೂಹಲ ಹುಟ್ಟಿಸುತ್ತದೆ ಎನ್ನುವ ಅರ್ಥದ ಒಂದು ಟಿಪ್ಪಣಿ ಗೀಚಿದರು. ಆ ಯೋಜನೆಯೇ ಮುಂದೆ ವೆಬ್ ಆಯಿತು. 1993ರಲ್ಲಿ ಸೆರ್ನ್ ಅದನ್ನು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು. 1991ರಲ್ಲಿ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಒಂದು ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮ್, ಬರೆಯುತ್ತಾ, ಇದು ಸುಮ್ನೆ ಹವ್ಯಾಸ, ದೊಡ್ಡದೇನೂ ಆಗಲ್ಲ ಎಂದು ಹೇಳಿಕೊಂಡ. ನಿಮ್ಮದು ಆಂಡ್ರಾಯ್ಡ್ ಮೊಬೈಲ್ ಆಗಿದ್ದರೆ ಅದರೊಳಗೆ ಓಡುತ್ತಿರುವುದು ಆ ಹವ್ಯಾಸವೇ.

ಸಮಯ ನಳದ ಕಥೆಯಲ್ಲೇ ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಏನು ಮಾಡಬೇಕು ಎಂದು ಹೊಳೆಯದಿದ್ದರೆ ಮನೆಯಲ್ಲಿ ದಿನಾ ಕೇಳುವ ಪ್ರಶ್ನೆ ಯಾವುದು ನೋಡಿ. ಸಿಂಧನೂರಿನ ನಮ್ಮ ಮಾಮಾ ಮಳೆಗಾಲ ಬಂದರೆ ಕೇಳುವುದು ಒಂದೇ, ಡ್ಯಾಮ್ ಎಷ್ಟಾಯ್ತು? ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಅವರ ಗದ್ದೆಯಲ್ಲಿ ನಾಟಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ ದಿನಕ್ಕೆ ಎಷ್ಟು ಸಲ ಫೋನ್ ಮಾಡಿದರೋ ಲೆಕ್ಕವಿಲ್ಲ. ಅವರಿಗೆ ಒಂದು ಪುಟ ಮಾಡಿಕೊಟ್ಟಿದ್ದೇನೆ. ಮಟ್ಟವನ್ನು ಬೆಳಗ್ಗೆ ನಾನೇ ತುಂಬುತ್ತೇನೆ. ಪುಟ ತೋರಿಸುವುದು ಎರಡೇ, ಇವತ್ತಿನ ಮಟ್ಟ, ತುಂಬಲು ಇನ್ನೆಷ್ಟು ಅಡಿ. ಒಂದು ಕಳೆಯುವ ಲೆಕ್ಕ, ಅಷ್ಟೇ. ಮಾಮಾ ಅದನ್ನು ಗೊಬ್ಬರದಂಗಡಿಯಲ್ಲಿ ಎಲ್ಲರಿಗೂ ತೋರಿಸುತ್ತಾರೆ.

ಇನ್ನು ಕನ್ನಡ. ಪುಟವನ್ನು ಕನ್ನಡದಲ್ಲೇ ಮಾಡಿ, ಏನೂ ಕಷ್ಟವಿಲ್ಲ. ಯುನಿಕೋಡ್ ಅನ್ನೋ ಅಕ್ಷರಗಳ ಜಾಗತಿಕ ಪಟ್ಟಿಯಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಒಂದು ತಮಾಷೆ ಮಾತ್ರ ತಿಳಿದಿರಲಿ. ‘ಮಾನ್ವಿ’ ಎಂದು ಬರೆದು, ಇದರಲ್ಲಿ ಎಷ್ಟು ಅಕ್ಷರ ಎಂದು ಜಾವಾಸ್ಕ್ರಿಪ್ಟನ್ನು ಕೇಳಿ. ನಮ್ಮ ಕಣ್ಣಿಗೆ ಎರಡು, ಅದು 6 ಅನ್ನುತ್ತದೆ. ಮ, ಅದರ ದೀರ್ಘ, ನ, ಅರ್ಧ ಮಾಡುವ ಗುರುತು, ವ, ಗುಡಿಸು, ಎಲ್ಲ ಬೇರೆ ಬೇರೆ ಎಣಿಸುತ್ತದೆ. ಹೆಸರು ತುಂಬುವ ಡಬ್ಬಿಗೆ ಹತ್ತೇ ಅಕ್ಷರ ಎಂದು ಮಿತಿ ಇಟ್ಟರೆ ನಮ್ಮವರ ಹೆಸರು ನಡುವೆ ತುಂಡಾಗುತ್ತದೆ. ಮಿತಿ ಇಡಲೇಬೇಡಿ.

ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಎರಡು. ಯಾವ ಕೋರ್ಸು ಸೇರಲಿ? ಯಾವುದೂ ಬೇಡ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಎಂಡಿಎನ್ ತಾಣದಲ್ಲಿ ಎಲ್ಲ ಪಾಠ ಬಿಟ್ಟಿ ಇದೆ. ಇಂಗ್ಲಿಷಿನಲ್ಲಿದೆ, ಆದರೂ ಉದಾಹರಣೆ ನೋಡಿಕೊಂಡೇ ಅರ್ಧ ಕಲಿಯಬಹುದು. ಎಐ ಬಂದು ನೌಕರಿ ಹೋಗುತ್ತಂತಲ್ಲಾ? ಎಐ ನಿಮ್ಮ ಓಣಿಗೆ ಬಂದು ದೊಡ್ಡವ್ವನ ಹತ್ತಿರ ಚಹಾ ಕುಡಿಯಲ್ಲ. ಮುಂದಿನ ಪ್ರಶ್ನೆ.

ಲ್ಯಾಪ್‌ಟಾಪ್ ಇಲ್ಲ ಅನ್ನುವವರು ಕಾಲೇಜಿನ ಲ್ಯಾಬಿನಲ್ಲಿ ಊಟದ ಬಿಡುವಿನ ಹೊತ್ತು ಬಳಸಿಕೊಳ್ಳಿ. ಮೇಷ್ಟ್ರನ್ನು ಕೇಳಿ, ಬೇಡ ಅನ್ನುವವರು ಕಡಿಮೆ. ಕಂಪ್ಯೂಟರಿನಲ್ಲಿ ಯಾವುದಾದರೂ ವೆಬ್ ಪುಟ ತೆಗೆದು ಎಫ್12 ಒತ್ತಿ. ಸಾಮಾನ್ಯವಾಗಿ ಆ ಪುಟ ಹೇಗೆ ಮಾಡಿದ್ದಾರೆ ಎಂದು ಒಳಗಿನದು ಕಾಣುತ್ತದೆ. ಅಲ್ಲಿ ಒಂದು ಸಾಲು ಬದಲಿಸಿದರೆ ನಿಮ್ಮ ಪರದೆ ಮೇಲೆ ಮಾತ್ರ ಬದಲಾಗುತ್ತದೆ. ಏನೂ ಕೆಡುವುದಿಲ್ಲ, ಧೈರ್ಯವಾಗಿ ಆಡಿ. ಪುಟವನ್ನು ಊರಿಗೆಲ್ಲ ಕಾಣುವಂತೆ ಇಡಲು ಗಿಟ್‌ಹಬ್ ಪೇಜಸ್ ಇದೆ, ದುಡ್ಡು ಬೇಕಾಗಿಲ್ಲ. ನಳದ ಬಟನ್ನಿನ ಹಾಗೆ ನೆನಪಿಡುವ ಕೆಲಸ ಅದರಲ್ಲಿ ಆಗುವುದಿಲ್ಲ, ಆದರೆ ಅವ್ವನ ರೊಟ್ಟಿ, ಶೇಂಗಾ ಚಟ್ನಿಯ ದರಪಟ್ಟಿ ಇಡಲು ಸಾಕು.

ಅವ್ವಂದಿರೇ, ನಿಮ್ಮ ಕೆಲಸ ಏನು ಅಂದೆನಲ್ಲ. ಮಗಳು ಮಾಡಿದ ಪುಟ ತೋರಿಸಿದಾಗ ‘ಚಂದ ಅದ’ ಎಂದು ಸುಮ್ಮನಾಗಬೇಡಿ. ಅಕ್ಷರ ಸಣ್ಣವು, ಕಾಣವಲ್ಲವು, ದರ ತಪ್ಪಿದೆ ಎಂದು ಬಾಯಿ ಬಿಟ್ಟು ಹೇಳಿ.

ತಮ್ಮ ತಂಗಿಯರೇ, ಚಿಕ್ಕದು ಮಾಡಿ, ಇವತ್ತೇ ರಾತ್ರಿ ಶುರು ಮಾಡಿ. ಫೈಲಿನ ಮೇಲ್ಭಾಗದಲ್ಲಿ ಕ್ಯಾರ್‌ಸೆಟ್ ಯುಟಿಎಫ್-8 ಎನ್ನುವ ಸಾಲು ಮರೆಯದೆ ಹಾಕಿ, ಅಕ್ಷರಗಳನ್ನು ಹೇಗೆ ಓದಬೇಕು ಎಂದು ಬ್ರೌಸರ್‌ಗೆ ಹೇಳುವುದು ಅದೇ. ಅದಿಲ್ಲದಿದ್ದರೆ ನೀವು ಬರೆದ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಬಂದು ಕೂಡಬಹುದು, ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡು ಎದ್ದು ಹೋಗಬೇಡಿ.

ನಮಸ್ಕಾರ.